ಕಾಲೇಜಿನಲ್ಲಿ ಟೀಚ್-ಇನ್ ನಡೆಸುವುದು ಹೇಗೆ? ಕಾವೇರಿ ವಿವಾದದ ಉದಾಹರಣೆಯೊಂದಿಗೆ ಒಂದು ಮಾರ್ಗದರ್ಶಿ

ನಮ್ಮ ಪದವಿ ಕಾಲೇಜುಗಳಲ್ಲಿ ಸಾರ್ವಜನಿಕ ವಿಷಯಗಳ ಕುರಿತು ನಡೆಯುವ ಕಾರ್ಯಕ್ರಮಗಳು ಸಾಮಾನ್ಯವಾಗಿ ಎರಡು ಬಗೆಯವು. ಮೊದಲನೆಯದು ಪ್ರಾರ್ಥನೆ, ಸ್ವಾಗತ, ಪ್ರಾಸ್ತಾವಿಕ ನುಡಿ, ಅತಿಥಿಗಳ ಪರಿಚಯ, ಉಪನ್ಯಾಸ, ಸನ್ಮಾನ, ಅಧ್ಯಕ್ಷೀಯ ಭಾಷಣ, ವಂದನಾರ್ಪಣೆ ಎಂಬ ಕ್ರಮದಲ್ಲಿ ಸಾಗುವ ವೇದಿಕೆ ಕಾರ್ಯಕ್ರಮ. ಅದರಲ್ಲಿ ವಿದ್ಯಾರ್ಥಿಗಳ ಪ್ರಶ್ನೆಗೆ ಉಳಿಯುವುದು ಊಟಕ್ಕೆ ಏಳುವ ಮುಂಚಿನ ಐದು ನಿಮಿಷ ಮಾತ್ರ. ಎರಡನೆಯದು ತರಗತಿ ಬಹಿಷ್ಕರಿಸಿ, ಗೇಟಿನ ಬಳಿ ಘೋಷಣೆ ಕೂಗಿ, ತಹಶೀಲ್ದಾರರಿಗೆ ಮನವಿ ಸಲ್ಲಿಸುವ ಪ್ರತಿಭಟನೆ. ಮೊದಲನೆಯದಕ್ಕೆ ಬಂದ ವಿದ್ಯಾರ್ಥಿ ಸುಮ್ಮನೆ ಕೇಳಿಸಿಕೊಳ್ಳುತ್ತಾನೆ, ಎರಡನೆಯದಕ್ಕೆ ಬರುವ ಹೊತ್ತಿಗೆ ಅವನ ತೀರ್ಮಾನ ಆಗಿಹೋಗಿರುತ್ತದೆ. ಒಂದು ವಿವಾದದ ದಾಖಲೆಗಳನ್ನು ಮುಂದಿಟ್ಟುಕೊಂಡು, ಬಲ್ಲವರನ್ನು ಎದುರಿಗೆ ಕೂರಿಸಿಕೊಂಡು, ಸಂಶಯ ತೀರುವವರೆಗೆ ಕೇಳುವುದಕ್ಕೆ ಈ ಎರಡರಲ್ಲೂ ಅವಕಾಶವಿಲ್ಲ. ಆ ಅವಕಾಶವನ್ನು ಕಲ್ಪಿಸುವ ಸಭೆಯೇ ಟೀಚ್-ಇನ್. ಅದನ್ನು ನಮ್ಮ ಕಾಲೇಜುಗಳ ಇತಿಮಿತಿಯಲ್ಲಿ ಹೇಗೆ ನಡೆಸಬಹುದು ಎಂಬುದನ್ನು ಕಾವೇರಿ ನೀರಿನ ಹಂಚಿಕೆಯ ಉದಾಹರಣೆಯ ಮೂಲಕ ಇಲ್ಲಿ ವಿವರಿಸಿದೆ.

ಮಾದರಿ ಎಲ್ಲಿಯದು

ಈ ಬಗೆಯ ಸಭೆ ಮೊದಲು ನಡೆದದ್ದು ಅಮೆರಿಕದ ಆನ್ ಆರ್ಬರ್ ನಗರದ ಮಿಷಿಗನ್ ವಿಶ್ವವಿದ್ಯಾಲಯದಲ್ಲಿ. 1965ರ ಮಾರ್ಚ್ ತಿಂಗಳಲ್ಲಿ ಅಮೆರಿಕವು ಉತ್ತರ ವಿಯೆಟ್ನಾಮಿನ ಮೇಲೆ ಸತತ ಬಾಂಬ್ ದಾಳಿ ಆರಂಭಿಸಿದಾಗ, ಅಲ್ಲಿನ ಕೆಲವು ಅಧ್ಯಾಪಕರು ಒಂದು ದಿನ ಪಾಠ ನಿಲ್ಲಿಸಿ ಪ್ರತಿಭಟಿಸಲು ಯೋಚಿಸಿದರು. ಅಧ್ಯಾಪಕರು ತಮ್ಮ ಕರ್ತವ್ಯ ಬಿಡುತ್ತಿದ್ದಾರೆ ಎಂದು ರಾಜ್ಯದ ಗವರ್ನರ್ ಮತ್ತು ಶಾಸಕರು ಖಂಡಿಸಿದರು. ಆಗ ಮಾನವಶಾಸ್ತ್ರದ ಪ್ರಾಧ್ಯಾಪಕ ಮಾರ್ಷಲ್ ಸಾಲಿನ್ಸ್, ಪಾಠ ನಿಲ್ಲಿಸುವುದರ ಬದಲು ಇಡೀ ರಾತ್ರಿ ಪಾಠ ಮಾಡೋಣ ಎಂಬ ಸಲಹೆಯಿತ್ತರು. ಮಾರ್ಚ್ 24ರ ರಾತ್ರಿ 8 ಗಂಟೆಗೆ ಆರಂಭವಾದ ಸಭೆ ಮರುದಿನ ಬೆಳಿಗ್ಗೆ 8ರವರೆಗೆ ನಡೆಯಿತು; ಸುಮಾರು 3,000 ಮಂದಿ ಸೇರಿದ್ದರು. ಮೊದಲು ಉಪನ್ಯಾಸಗಳು, ಅನಂತರ ಸಣ್ಣ ಗುಂಪುಗಳಲ್ಲಿ ಬೆಳಗಿನವರೆಗೆ ಚರ್ಚೆ. ಬಾಂಬ್ ಬೆದರಿಕೆ ಬಂದು ಸಭಾಂಗಣ ಖಾಲಿ ಮಾಡಬೇಕಾದಾಗ ಜನ ಚಳಿಯಲ್ಲಿ ಹೊರಗೆ ನಿಂತೇ ಸಭೆ ಮುಂದುವರಿಸಿದರು. ಕೆಲವೇ ವಾರಗಳಲ್ಲಿ ಈ ಮಾದರಿ ಆ ದೇಶದ ಹತ್ತಾರು ವಿಶ್ವವಿದ್ಯಾಲಯಗಳಿಗೆ ಹಬ್ಬಿತು. 1970ರ ಏಪ್ರಿಲ್ 22ರ ಮೊದಲ ಭೂದಿನವೂ ಪರಿಸರದ ಕುರಿತ ರಾಷ್ಟ್ರವ್ಯಾಪಿ ಟೀಚ್-ಇನ್ ಆಗಬೇಕೆಂಬ ಯೋಚನೆಯಿಂದಲೇ ಹುಟ್ಟಿದ್ದು.

ನಮ್ಮಲ್ಲಿ ಇದಕ್ಕೆ ಹತ್ತಿರದ ಪರಂಪರೆಗಳು ಇಲ್ಲದಿಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಚಾರೋಪನ್ಯಾಸಗಳು ಜ್ಞಾನವನ್ನು ತರಗತಿಯಿಂದ ಹಳ್ಳಿಯ ಜನರ ಬಳಿಗೆ ಕನ್ನಡದಲ್ಲಿಯೇ ಕೊಂಡೊಯ್ದವು. ಡಿ.ವಿ.ಜಿ. ಅವರು 1945ರಲ್ಲಿ ಬೆಂಗಳೂರಿನಲ್ಲಿ ಸ್ಥಾಪಿಸಿದ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆ, ರಾಜ್ಯವ್ಯವಹಾರವನ್ನು ಕುಳಿತು ಓದಿ ಚರ್ಚಿಸುವುದನ್ನೇ ತನ್ನ ಕೆಲಸ ಮಾಡಿಕೊಂಡಿತು. ಹಾಗಾಗಿ ಟೀಚ್-ಇನ್ ಎಂದರೆ ಹೊರಗಿನ ಸರಕು ಎಂದು ಯಾರಾದರೂ ಆಡಳಿತ ಮಂಡಳಿಯ ಸಭೆಯಲ್ಲಿ ಮೂಗು ಮುರಿದರೆ ಈ ಎರಡು ಹೆಸರುಗಳನ್ನು ನೆನಪಿಸಬಹುದು.

ವಿಷಯವನ್ನು ಪ್ರಶ್ನೆಯಾಗಿ ಬರೆದುಕೊಳ್ಳಿ

“ಕಾವೇರಿ ಸಮಸ್ಯೆ: ಒಂದು ಅವಲೋಕನ” ಎಂಬಂಥ ಶೀರ್ಷಿಕೆಯಿಟ್ಟರೆ ಬರುವ ಭಾಷಣಗಳೂ ಅವಲೋಕನಗಳೇ ಆಗುತ್ತವೆ: ತಲಕಾವೇರಿಯಿಂದ ಆರಂಭವಾಗಿ, ಸರ್ ಎಂ. ವಿಶ್ವೇಶ್ವರಯ್ಯನವರನ್ನು ಸ್ಮರಿಸಿ, ಒಗ್ಗಟ್ಟಿನ ಕರೆಯೊಂದಿಗೆ ಮುಗಿಯುತ್ತವೆ. ವಿಷಯವನ್ನು ಉತ್ತರ ಬೇಡುವ ಪ್ರಶ್ನೆಯ ರೂಪದಲ್ಲಿ ಬರೆದುಕೊಳ್ಳುವುದು ಮೊದಲ ಹೆಜ್ಜೆ. “ಮಳೆ ಕೈಕೊಟ್ಟ ವರ್ಷ ಕಾವೇರಿ ನೀರನ್ನು ಹೇಗೆ ಹಂಚಬೇಕು?” ಎಂಬುದು ಅಂಥ ಪ್ರಶ್ನೆ. ಮಳೆ ಚೆನ್ನಾಗಿ ಆದ ವರ್ಷ ಸಾಮಾನ್ಯವಾಗಿ ವಿವಾದ ಏಳುವುದಿಲ್ಲ; 2016, 2023ರಲ್ಲಿ ಬೀದಿಗೆ ಬಂದ ಕಲಹದ ಮೂಲದಲ್ಲಿ ಇದ್ದದ್ದು ಕೊರತೆಯ ನೀರಿನ ಲೆಕ್ಕವೇ. ಮೇಕೆದಾಟು ಯೋಜನೆ, ಬೆಂಗಳೂರಿನ ಕುಡಿಯುವ ನೀರು, ಕಬ್ಬು ಮತ್ತು ಭತ್ತದ ಬೆಳೆ ಪದ್ಧತಿ ಇವೆಲ್ಲ ಸಂಬಂಧಪಟ್ಟ ವಿಷಯಗಳೇ ಆದರೂ ಒಂದೇ ದಿನಕ್ಕೆ ಎಲ್ಲವನ್ನೂ ತುಂಬಲು ಹೋಗಬಾರದು.

ಪ್ರಶ್ನೆ ಸರಿಯಾಗಿದೆಯೇ ಎಂದು ತಿಳಿಯಲು ಒಂದು ಪರೀಕ್ಷೆಯಿದೆ. ಅದಕ್ಕೆ ವಿವೇಕವಂತರಾದ ಇಬ್ಬರು ಬೇರೆ ಬೇರೆ ಉತ್ತರ ಕೊಡಲು ಸಾಧ್ಯವಿರಬೇಕು, ಮತ್ತು ಆ ಉತ್ತರಗಳನ್ನು ದಾಖಲೆಗಳಿಂದ ಒರೆಹಚ್ಚಲು ಸಾಧ್ಯವಿರಬೇಕು. ಎರಡರಲ್ಲಿ ಒಂದು ಇಲ್ಲದಿದ್ದರೂ ಬೇರೆ ಪ್ರಶ್ನೆ ಹುಡುಕುವುದು ಲೇಸು.

ಅನುಮತಿ

ಪ್ರಾಂಶುಪಾಲರಿಗೆ ಕನಿಷ್ಠ ಮೂರು ವಾರ ಮುಂಚಿತವಾಗಿ ಲಿಖಿತ ಮನವಿ ಕೊಡಿ. ವಿದ್ಯಾರ್ಥಿಗಳ ಗುಂಪಿನ ಹೆಸರಿಗಿಂತ ರಾಜ್ಯಶಾಸ್ತ್ರ, ಭೂಗೋಳ ಅಥವಾ ಅರ್ಥಶಾಸ್ತ್ರ ವಿಭಾಗದ ಹೆಸರಿನಲ್ಲಿ, ಸಾಧ್ಯವಾದರೆ ಎನ್‌ಎಸ್‌ಎಸ್ ಘಟಕದ ಸಹಯೋಗದಲ್ಲಿ ಮನವಿ ಹೋದರೆ ಕೆಲಸ ಸುಲಭ. ಪತ್ರದಲ್ಲಿ ಪ್ರಶ್ನೆ, ದಿನಾಂಕ, ಹೊತ್ತು, ಸ್ಥಳ, ಮಾತನಾಡುವವರ ಹೆಸರು ಮತ್ತು ಹಿನ್ನೆಲೆ, ಹೊರಗಿನವರಿಗೆ ಪ್ರವೇಶವಿದೆಯೇ ಇಲ್ಲವೇ ಎಂಬುದು, ಹೊಣೆ ಹೊತ್ತ ಅಧ್ಯಾಪಕರ ಸಹಿ ಇರಲಿ. ಸಂವಿಧಾನದ 19(1)ನೇ ವಿಧಿ ವಾಕ್ ಸ್ವಾತಂತ್ರ್ಯವನ್ನೂ ಶಾಂತಿಯುತವಾಗಿ ಸಭೆ ಸೇರುವ ಹಕ್ಕನ್ನೂ ಕೊಟ್ಟಿದೆ ಎಂಬುದು ನಿಜ. ಆದರೆ ಕಾಲೇಜಿನ ಕೊಠಡಿ ಕಾಲೇಜಿನದು, ಮತ್ತು ಪ್ರಾಂಶುಪಾಲರ ಕೋಣೆಯಲ್ಲಿ ವಿಧಿಯ ಉಲ್ಲೇಖಕ್ಕಿಂತ ಚೊಕ್ಕವಾದ ಕಾರ್ಯಕ್ರಮ ಪಟ್ಟಿ ಹೆಚ್ಚು ಕೆಲಸ ಮಾಡುತ್ತದೆ.

ಇನ್ನು ಮೂರು ಸಂಗತಿಗಳನ್ನು ಮೊದಲೇ ಗಮನಿಸಬೇಕು. ಚುನಾವಣಾ ನೀತಿ ಸಂಹಿತೆ ಜಾರಿಯಲ್ಲಿರುವ ಅವಧಿಯಲ್ಲಿ ಪಕ್ಷಗಳ ಪದಾಧಿಕಾರಿಗಳನ್ನು ಕರೆಯುವುದು ಕಾಲೇಜನ್ನು ತೊಡಕಿಗೆ ಸಿಲುಕಿಸುತ್ತದೆ, ಆದ್ದರಿಂದ ಆ ದಿನಗಳನ್ನು ಬಿಡಿ. ಸರ್ಕಾರಿ ಕಾಲೇಜಿನ ಅಧ್ಯಾಪಕರು ಸರ್ಕಾರಿ ನೌಕರರ ನಡತೆ ನಿಯಮಗಳಿಗೆ ಒಳಪಟ್ಟವರು. ಅವರು ದಾಖಲೆಯನ್ನು ವಿವರಿಸಲಿ, ನೀತಿಯ ಕಟುವಿಮರ್ಶೆಯನ್ನು ನಿವೃತ್ತರು, ವಕೀಲರು, ರೈತ ಮುಖಂಡರು ಮಾಡಲಿ. ಬಯಲಿನಲ್ಲಿ ಧ್ವನಿವರ್ಧಕ ಹಾಕುವುದಾದರೆ 2000ದ ಶಬ್ದ ಮಾಲಿನ್ಯ ನಿಯಮಗಳು ಅನ್ವಯಿಸುತ್ತವೆ: ಅದಕ್ಕೆ ಲಿಖಿತ ಅನುಮತಿ ಬೇಕು, ಮತ್ತು ರಾತ್ರಿ 10ರಿಂದ ಬೆಳಿಗ್ಗೆ 6ರವರೆಗೆ ಮುಚ್ಚಿದ ಸಭಾಂಗಣದ ಹೊರಗೆ ಬಳಸುವಂತಿಲ್ಲ.

ಹೊತ್ತು ಮತ್ತು ಜಾಗ

ಮಿಷಿಗನ್ನಿನವರು ರಾತ್ರಿಯಿಡೀ ಕುಳಿತರೆಂದು ನಾವೂ ಕೂರಬೇಕಿಲ್ಲ. ಅಲ್ಲಿಯೂ ಹಾಸ್ಟೆಲಿನ ವಿದ್ಯಾರ್ಥಿನಿಯರು ನಿಗದಿತ ಹೊತ್ತಿಗೆ ಮರಳಬೇಕೆಂಬ ನಿಯಮವಿದ್ದು, ಆ ಒಂದು ರಾತ್ರಿಗೆ ಅದನ್ನು ಸಡಿಲಿಸಿದ್ದರಿಂದಲೇ ಅವರು ಭಾಗವಹಿಸಲು ಸಾಧ್ಯವಾಯಿತು. ನಮ್ಮ ತಾಲ್ಲೂಕು ಕೇಂದ್ರಗಳ ಕಾಲೇಜುಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಂದಿ ಹಳ್ಳಿಯಿಂದ ಸರ್ಕಾರಿ ಬಸ್ಸಿನಲ್ಲಿ ಬಂದು ಹೋಗುವವರೇ ಆಗಿದ್ದರೆ, ಸಭೆಯ ಮುಕ್ತಾಯದ ಹೊತ್ತನ್ನು ನಿರ್ಧರಿಸುವುದು ಆ ಬಸ್ಸಿನ ವೇಳೆಯೇ. ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರವರೆಗೆ ನಡೆಸಿದರೆ ಯಾರೂ ಅರ್ಧಕ್ಕೆ ಏಳಬೇಕಾಗುವುದಿಲ್ಲ. ನಾಟಿ ಮತ್ತು ಕೊಯ್ಲಿನ ವಾರಗಳಲ್ಲಿ ಮನೆಯ ಕೆಲಸಕ್ಕೆ ನಿಲ್ಲುವ ವಿದ್ಯಾರ್ಥಿಗಳ ಸಂಖ್ಯೆ ದೊಡ್ಡದು. ಕಾವೇರಿಯ ಕುರಿತ ಸಭೆಗೆ ಅವರೇ ಇಲ್ಲದಿದ್ದರೆ ಹೇಗೆ? ಆಂತರಿಕ ಪರೀಕ್ಷೆಯ ವಾರವನ್ನೂ ತಪ್ಪಿಸಿ.

ಜಾಗದ ಬಗ್ಗೆ ಹೆಚ್ಚು ಹೇಳಬೇಕಿಲ್ಲ. ಒಂದು ದೊಡ್ಡ ಕೊಠಡಿ, ಅದರ ಹತ್ತಿರ ನಾಲ್ಕೈದು ಸಣ್ಣ ಕೊಠಡಿಗಳು ಬೇಕು. ಎತ್ತರದ ವೇದಿಕೆ, ಹೂಮಾಲೆ, ಶಾಲು, ಸ್ಮರಣಿಕೆ ಯಾವುದೂ ಬೇಡ. ಆ ಹಣ ಜೆರಾಕ್ಸ್ ಪ್ರತಿಗಳಿಗೆ, ಚಹಾಕ್ಕೆ, ಮಾತನಾಡುವವರ ಪ್ರಯಾಣದ ಖರ್ಚಿಗೆ ಹೋಗಲಿ.

ಯಾರನ್ನು ಕರೆಯಬೇಕು

ಹೆಸರುವಾಸಿಯಾದ ಒಬ್ಬ ವಾಗ್ಮಿಗಿಂತ, ವಿಷಯದ ಒಂದೊಂದು ಮಗ್ಗುಲನ್ನು ಕೈಯಾರೆ ಬಲ್ಲ ನಾಲ್ವರು ಮೇಲು. ನಮ್ಮ ಉದಾಹರಣೆಗೆ, ಜಲಾಶಯದ ನಿರ್ವಹಣೆ ಮಾಡಿದ ನಿವೃತ್ತ ನೀರಾವರಿ ಎಂಜಿನಿಯರ್ ಒಬ್ಬರು, ಅಂತರರಾಜ್ಯ ಜಲವಿವಾದದ ಕಾನೂನು ತಿಳಿದ ವಕೀಲರೊಬ್ಬರು, ಮಳವಳ್ಳಿ ಅಥವಾ ಮದ್ದೂರು ಕಡೆಯ ವಿಶ್ವೇಶ್ವರಯ್ಯ ನಾಲೆಯ ಕೊನೆಯ ಭಾಗದಲ್ಲಿ ಜಮೀನಿರುವ ರೈತರೊಬ್ಬರು, ತಮಿಳುನಾಡಿನ ಮುಖಜಭೂಮಿಯ ಬೇಸಾಯವನ್ನು ಅರಿತ ಒಬ್ಬರು. ನಾಲೆಯ ಆರಂಭದ ರೈತನಿಗೂ ಕೊನೆಯ ರೈತನಿಗೂ ನೀರಿನ ಅನುಭವ ಒಂದೇ ಅಲ್ಲ. ನಮ್ಮೊಳಗಿನ ಹಂಚಿಕೆಯ ಜಗಳವನ್ನು ಕಂಡವರು ಎರಡು ರಾಜ್ಯಗಳ ಜಗಳವನ್ನು ಬೇಗ ಅರ್ಥಮಾಡಿಕೊಳ್ಳುತ್ತಾರೆ.

ನಾಲ್ಕನೆಯವರ ವಿಷಯದಲ್ಲಿಯೇ ಹೆಚ್ಚಿನ ಸಂಘಟಕರು ಹಿಂಜರಿಯುತ್ತಾರೆ. ಮಂಡ್ಯದ ಕಾಲೇಜಿಗೆ ತಂಜಾವೂರಿನಿಂದ ಒಬ್ಬರನ್ನು ಕರೆಸುವುದು ಎಲ್ಲ ಸಂದರ್ಭದಲ್ಲೂ ಸಾಧ್ಯವಾಗದು, ಕೆಲವೊಮ್ಮೆ ಅವರಿಗೇ ಮುಜುಗರ. ಆದರೆ ಆ ಕಡೆಯ ವಾದವನ್ನು ಅದರ ಪೂರ್ಣ ಬಲದೊಂದಿಗೆ ಮಂಡಿಸುವ ಒಬ್ಬರು ಇರಲೇಬೇಕು. ಜೂನ್‌ನಲ್ಲಿ ನೀರು ಬಾರದಿದ್ದರೆ ಕುರುವೈ ಎಂಬ ಅಲ್ಪಾವಧಿ ಭತ್ತದ ಬೆಳೆ ಏನಾಗುತ್ತದೆ, ಅದರ ನಂತರದ ದೀರ್ಘಾವಧಿ ಭತ್ತವಾದ ಸಾಂಬಾ ಬೆಳೆ ಈಶಾನ್ಯ ಮಾರುತದ ಮಳೆಯನ್ನು ಎಷ್ಟರಮಟ್ಟಿಗೆ ನಂಬಬಹುದು, ಆ ಮಳೆಯ ಲೆಕ್ಕವನ್ನು ಕರ್ನಾಟಕ ಏಕೆ ಎತ್ತುತ್ತದೆ ಎಂಬುದನ್ನು ಅಧ್ಯಯನ ಮಾಡಿದ ಇಲ್ಲಿನ ಅಧ್ಯಾಪಕರೇ ಆ ಕೆಲಸ ಮಾಡಬಹುದು. ಎದುರಾಳಿಯ ವಾದವನ್ನು ಎದುರಾಳಿ ಕೇಳಿದರೂ ಒಪ್ಪುವಂತೆ ಹೇಳಬಲ್ಲವರನ್ನು ಹುಡುಕಿ. ಸೋಲಿಸಲೆಂದೇ ನಿಲ್ಲಿಸಿದ ಬೆದರುಬೊಂಬೆ ಬೇಡ.

ಕೊನೆಯ ಗಳಿಗೆಯಲ್ಲಿ ಒಬ್ಬರು ಬಾರದಿರುವ ಸಾಧ್ಯತೆಗೂ ಸಿದ್ಧರಿರಬೇಕು. 1965ರ ಮೇ 15ರಂದು ವಾಷಿಂಗ್ಟನ್ನಿನಲ್ಲಿ ನಡೆದ, ರೇಡಿಯೊ ಮೂಲಕ ನೂರಕ್ಕೂ ಹೆಚ್ಚು ಕ್ಯಾಂಪಸ್‌ಗಳನ್ನು ತಲುಪಿದ ರಾಷ್ಟ್ರೀಯ ಟೀಚ್-ಇನ್‌ಗೆ ಅಧ್ಯಕ್ಷ ಜಾನ್ಸನ್ನರ ಭದ್ರತಾ ಸಲಹೆಗಾರ ಮೆಕ್‌ಜಾರ್ಜ್ ಬಂಡಿ ಬರಬೇಕಿತ್ತು, ಬರಲಿಲ್ಲ. ಸರ್ಕಾರದ ನಿಲುವನ್ನು ಸಮರ್ಥಿಸುವ ಹೊಣೆ ಬರ್ಕ್ಲಿಯ ಪ್ರಾಧ್ಯಾಪಕ ರಾಬರ್ಟ್ ಸ್ಕಾಲಪಿನೊ ಅವರ ಮೇಲೆ ಬಿತ್ತು. ಬಾರದವರ ಪಕ್ಷ ಸಭೆಯಲ್ಲಿ ಅನಾಥವಾಗದಂತೆ ಪ್ರತಿ ಮಗ್ಗುಲಿಗೂ ಇನ್ನೊಬ್ಬರನ್ನು ಮೊದಲೇ ಗೊತ್ತುಮಾಡಿಕೊಳ್ಳಿ.

ನಾಲ್ಕು ಪುಟದ ಕೈಪಿಡಿ

ಇಡೀ ಕಾರ್ಯಕ್ರಮದ ಗುಣಮಟ್ಟ ನಿಂತಿರುವುದು ಇದರ ಮೇಲೆ. ಸಭೆಗೆ ಒಂದು ವಾರ ಮೊದಲೇ ಕನ್ನಡದಲ್ಲಿ ನಾಲ್ಕು ಪುಟದ ಕೈಪಿಡಿ ವಿದ್ಯಾರ್ಥಿಗಳ ಕೈಸೇರಬೇಕು. ಅದರಲ್ಲಿ ಅಭಿಪ್ರಾಯವಿರಬಾರದು, ಒಪ್ಪಿತವಾದ ಸಂಗತಿ ಮಾತ್ರ ಇರಬೇಕು.

ಮೊದಲ ಪುಟದಲ್ಲಿ ಕಾಲಾನುಕ್ರಮಣಿಕೆ: ಮದರಾಸು ಮತ್ತು ಮೈಸೂರು ಸರ್ಕಾರಗಳ ನಡುವಿನ 1892 ಮತ್ತು 1924ರ ಒಪ್ಪಂದಗಳು, 1990ರ ಜೂನ್‌ನಲ್ಲಿ ಕಾವೇರಿ ಜಲವಿವಾದ ನ್ಯಾಯಮಂಡಳಿಯ ರಚನೆ, 1991ರ ಜೂನ್ 25ರ ಮಧ್ಯಂತರ ಆದೇಶ, 2007ರ ಫೆಬ್ರುವರಿ 5ರ ಅಂತಿಮ ತೀರ್ಪು, 2018ರ ಫೆಬ್ರುವರಿ 16ರ ಸುಪ್ರೀಂ ಕೋರ್ಟ್ ತೀರ್ಪು, ಅದೇ ವರ್ಷದ ಜೂನ್‌ನಲ್ಲಿ ಕಾವೇರಿ ಜಲ ನಿರ್ವಹಣಾ ಪ್ರಾಧಿಕಾರದ ರಚನೆ.

ಎರಡನೆಯ ಪುಟದಲ್ಲಿ ಪಾಲಿನ ಲೆಕ್ಕ. ನ್ಯಾಯಮಂಡಳಿ ಒಟ್ಟು 740 ಟಿಎಂಸಿ ಎಂದು ಲೆಕ್ಕ ಹಿಡಿದು ತಮಿಳುನಾಡಿಗೆ 419, ಕರ್ನಾಟಕಕ್ಕೆ 270, ಕೇರಳಕ್ಕೆ 30, ಪುದುಚೇರಿಗೆ 7 ಹಂಚಿತು. ಉಳಿದ 14ರಲ್ಲಿ 10 ಪರಿಸರಕ್ಕೆ, 4 ಸಮುದ್ರಕ್ಕೆ ಅನಿವಾರ್ಯವಾಗಿ ಹರಿಯುವ ನೀರೆಂದು ಬಿಟ್ಟಿತು. ಸುಪ್ರೀಂ ಕೋರ್ಟ್ ಕರ್ನಾಟಕದ ಪಾಲನ್ನು 14.75 ಟಿಎಂಸಿ ಹೆಚ್ಚಿಸಿ 284.75ಕ್ಕೆ ತಂದಿತು. ಇದರಲ್ಲಿ 4.75 ಬೆಂಗಳೂರಿನ ಕುಡಿಯುವ ನೀರಿಗೆಂದು. 10 ಟಿಎಂಸಿಗೆ ಕಾರಣ ತಮಿಳುನಾಡಿನಲ್ಲಿ ಲಭ್ಯವಿರುವ ಅಂತರ್ಜಲ. ಹೀಗಾಗಿ ಗಡಿಯ ಬಿಳಿಗುಂಡ್ಲು ಮಾಪನ ಕೇಂದ್ರದಲ್ಲಿ ಸಾಮಾನ್ಯ ವರ್ಷ ತಮಿಳುನಾಡಿಗೆ ಬಿಡಬೇಕಾದ ನೀರು 192ರಿಂದ 177.25 ಟಿಎಂಸಿಗೆ ಇಳಿಯಿತು.

ಮೂರನೆಯ ಪುಟದಲ್ಲಿ ಅಳತೆಯ ವಿವರಣೆ ಇರಲಿ, ಏಕೆಂದರೆ ವಿವಾದದ ಅರ್ಧ ಗೊಂದಲ ಹುಟ್ಟುವುದೇ ಇಲ್ಲಿ. ಟಿಎಂಸಿ ಎಂದರೆ ನೂರು ಕೋಟಿ ಘನ ಅಡಿ ನೀರು. ಕ್ಯೂಸೆಕ್ ಎಂದರೆ ಸೆಕೆಂಡಿಗೆ ಒಂದು ಘನ ಅಡಿಯಂತೆ ಹರಿಯುವ ವೇಗ. ಪತ್ರಿಕೆಗಳು ಪಾಲನ್ನು ಟಿಎಂಸಿಯಲ್ಲಿಯೂ ದಿನದ ಹರಿವನ್ನು ಕ್ಯೂಸೆಕ್‌ನಲ್ಲಿಯೂ ಕೊಡುವುದರಿಂದ ಓದುಗನಿಗೆ ಎರಡನ್ನೂ ಹೋಲಿಸಲಾಗುವುದಿಲ್ಲ. 11,574 ಕ್ಯೂಸೆಕ್ ನೀರು 24 ಗಂಟೆ ಹರಿದರೆ ಒಂದು ಟಿಎಂಸಿ ಆಗುತ್ತದೆ ಎಂಬ ಒಂದು ವಾಕ್ಯ ಸಾಕು. ಆಗ ವಿದ್ಯಾರ್ಥಿಗಳೇ ಲೆಕ್ಕ ಹಾಕಬಹುದು: ಸಾಮಾನ್ಯ ವರ್ಷದ ಆಗಸ್ಟ್ ತಿಂಗಳಿಗೆ ನಿಗದಿಯಾದದ್ದು 45.95 ಟಿಎಂಸಿ, ಅಂದರೆ ದಿನಕ್ಕೆ ಸರಾಸರಿ 17,000 ಕ್ಯೂಸೆಕ್‌ಗಿಂತ ತುಸು ಹೆಚ್ಚು. 2023ರ ಆಗಸ್ಟ್ ಕೊನೆಯಲ್ಲಿ ಪ್ರಾಧಿಕಾರವು 15 ದಿನ 5,000 ಕ್ಯೂಸೆಕ್‌ನಂತೆ ಬಿಡಲು ಆದೇಶಿಸಿದಾಗ ಒಟ್ಟು ಆಗುತ್ತಿದ್ದದ್ದು 6.48 ಟಿಎಂಸಿ. ಈ ಅಂಕಿ ಬರದ ವರ್ಷದಲ್ಲಿ ಹೆಚ್ಚೋ ಕಡಿಮೆಯೋ ಎಂಬುದು ಚರ್ಚೆಗೆ ಬಿಟ್ಟದ್ದು; ಆದರೆ ಅಂಕಿಯೇ ಗೊತ್ತಿಲ್ಲದೆ ಎರಡೂ ಕಡೆ ಬಸ್ಸು ನಿಲ್ಲಿಸಿದವರಿದ್ದಾರೆ.

ಕೊನೆಯ ಪುಟದಲ್ಲಿ ಜಲಾಶಯಗಳ ಸಾಮರ್ಥ್ಯ: ಕೃಷ್ಣರಾಜಸಾಗರ 49.45, ಹೇಮಾವತಿ 37.10, ಕಬಿನಿ 19.52, ಹಾರಂಗಿ 8.50, ಆ ಕಡೆ ತಮಿಳುನಾಡಿನ ಮೆಟ್ಟೂರು 93.47 ಟಿಎಂಸಿ. ಕೃಷ್ಣರಾಜಸಾಗರದ 124.80 ಅಡಿಯ ಮಟ್ಟ ನಮ್ಮ ಜಿಲ್ಲೆಗಳ ಮಕ್ಕಳಿಗೂ ಬಾಯಿಪಾಠ, ಉಳಿದ ಮೂರು ಜಲಾಶಯಗಳು ಮಾತ್ರ ಚರ್ಚೆಯಿಂದ ಜಾರಿಹೋಗುತ್ತವೆ. ಪುಟದ ಕೆಳಗೆ ಒಂದಿಷ್ಟು ಖಾಲಿ ಜಾಗ ಬಿಡಿ. ಸಭೆಯ ದಿನದ ಪತ್ರಿಕೆಯ ಮಟ್ಟ, ಒಳಹರಿವು, ಹೊರಹರಿವುಗಳನ್ನು ವಿದ್ಯಾರ್ಥಿಗಳು ತಾವೇ ಬರೆದುಕೊಳ್ಳಲಿ.

ಕೈಪಿಡಿಯನ್ನು ಅಚ್ಚಿಗೆ ಕಳಿಸುವ ಮುನ್ನ ಇಬ್ಬರು ಅಧ್ಯಾಪಕರು ಪ್ರತಿ ಅಂಕಿಯನ್ನೂ ಮೂಲದೊಂದಿಗೆ ತಾಳೆ ನೋಡಬೇಕು. ವಾಟ್ಸ್‌ಆ್ಯಪ್‌ನಲ್ಲಿ ಬಂದ ಚಿತ್ರಪಟ ಮೂಲವಲ್ಲ.

ಆ ದಿನದ ಕ್ರಮ

ಸ್ವಾಗತ ಎರಡು ನಿಮಿಷ. ನಾಲ್ವರಲ್ಲಿ ಪ್ರತಿಯೊಬ್ಬರಿಗೂ 20 ನಿಮಿಷ ಮಾತು, ಅದರ ಬೆನ್ನಿಗೇ 10 ನಿಮಿಷ ಕೇವಲ ಸ್ಪಷ್ಟೀಕರಣದ ಪ್ರಶ್ನೆ. ಮಧ್ಯಾಹ್ನಕ್ಕೆ ಊಟ. ಊಟದ ನಂತರ ಹದಿನೈದು ಹದಿನಾರು ಮಂದಿಯ ಗುಂಪುಗಳಾಗಿ ಸಣ್ಣ ಕೊಠಡಿಗಳಲ್ಲಿ ಒಂದು ಗಂಟೆ ಚರ್ಚೆ. ಕೊನೆಗೆ ಎಲ್ಲರೂ ಸೇರಿ ಒಂದೂವರೆ ಗಂಟೆಯ ಪ್ರಶ್ನೋತ್ತರ. ಹೊತ್ತು ಮೀರಿದರೆ ಮೊಟಕಾಗಬೇಕಾದದ್ದು ಭಾಷಣವೇ ಹೊರತು ಪ್ರಶ್ನೋತ್ತರವಲ್ಲ ಎಂಬುದನ್ನು ಮಾತನಾಡುವವರಿಗೆ ಆಹ್ವಾನ ಪತ್ರದಲ್ಲಿಯೇ ತಿಳಿಸಿ.

ಪ್ರಶ್ನೆಗಳನ್ನು ನಡೆಸುವ ಬಗೆ

ಸಭೆಯನ್ನು ನಡೆಸುವವರು ವಿಷಯ ತಜ್ಞರಾಗಬೇಕಿಲ್ಲ, ಗಟ್ಟಿ ಮನಸ್ಸಿನವರಾಗಬೇಕು. ಹಿರಿಯರನ್ನೂ “ಸರ್, ದಯವಿಟ್ಟು ಪ್ರಶ್ನೆಗೆ ಬನ್ನಿ” ಎಂದು ತಡೆಯಬಲ್ಲವರು ಬೇಕು. ಮೊದಲ ನಾಲ್ಕು ಪ್ರಶ್ನೆಗಳು ವಿದ್ಯಾರ್ಥಿಗಳಿಂದಲೇ ಬರಬೇಕು, ಅಧ್ಯಾಪಕರಿಂದಾಗಲಿ ಹೊರಗಿನ ಮುಖಂಡರಿಂದಾಗಲಿ ಅಲ್ಲ. ಒಬ್ಬ ಅಧ್ಯಾಪಕರು ಎದ್ದು ಐದು ನಿಮಿಷದ ಪ್ರಶ್ನೆ ಕೇಳಿದರೆ, ಹಿಂದಿನ ಬೆಂಚಿನ ಹುಡುಗಿಯ ಬಾಯಿ ಅಂದಿಗೆ ಮುಚ್ಚಿದಂತೆಯೇ. ಎದ್ದು ಮಾತನಾಡಲು ಸಂಕೋಚವಿರುವವರಿಗೆ ಚೀಟಿ ಕೊಡಿ. ಚೀಟಿಯಲ್ಲಿ ಹೆಸರು ಬೇಡ. ಬಂದ ಚೀಟಿಗಳನ್ನು ಸಂಘಟಕರು ತಮಗೆ ಹಿತವಾದವನ್ನು ಆಯ್ದು ಓದದೆ, ಬಂದ ಕ್ರಮದಲ್ಲಿಯೇ ಓದಬೇಕು. ಒಂದೇ ಪ್ರಶ್ನೆಯನ್ನು ಹಲವರು ಕೇಳಿದ್ದರೆ ಮಾತ್ರ ಒಟ್ಟುಗೂಡಿಸಬಹುದು.

ಸಣ್ಣ ಗುಂಪುಗಳಿಗೆ ಒಂದೊಂದು ಬಿಗಿಯಾದ ಕೆಲಸ ಕೊಟ್ಟರೆ ಮಾತು ದಾರಿ ತಪ್ಪುವುದಿಲ್ಲ. ಉದಾಹರಣೆಗೆ ಒಂದು ಗುಂಪಿಗೆ ಹೀಗೆ ಹೇಳಬಹುದು: ಮಳೆ ಮೂರನೇ ಒಂದು ಭಾಗ ಕಡಿಮೆಯಾಗಿದೆ, ನಾಲ್ಕು ಜಲಾಶಯಗಳ ಇಂದಿನ ಸಂಗ್ರಹ ಇಷ್ಟು, ಕುಡಿಯುವ ನೀರನ್ನು ಮೊದಲು ತೆಗೆದಿಡಬೇಕು, ಉಳಿದದ್ದನ್ನು ನೀವೇ ಹಂಚಿ, ಕಾರಣ ಬರೆಯಿರಿ. ಇನ್ನೊಂದು ಗುಂಪಿಗೆ ಇದೇ ಲೆಕ್ಕವನ್ನು ಮೆಟ್ಟೂರಿನ ಕಡೆಯಿಂದ ಮಾಡಲು ಹೇಳಿ. ಎರಡೂ ಹಂಚಿಕೆಗಳನ್ನು ಕಪ್ಪುಹಲಗೆಯ ಮೇಲೆ ಅಕ್ಕಪಕ್ಕ ಬರೆದು, ವ್ಯತ್ಯಾಸ ಎಲ್ಲಿ ಬಂತೆಂದು ಎಂಜಿನಿಯರನ್ನೂ ವಕೀಲರನ್ನೂ ಕೇಳಿದರೆ ಕೊನೆಯ ಅವಧಿ ತಾನಾಗಿಯೇ ಕಾವೇರುತ್ತದೆ.

ಕಾವು ಅತಿಯಾದರೆ ಏನು ಮಾಡಬೇಕೆಂಬುದೂ ಮೊದಲೇ ನಿಶ್ಚಯವಾಗಿರಲಿ. ಭಾಷೆಯ ಹೆಸರಿನಲ್ಲಿ ನೆರೆಯವರನ್ನು ಹೀಯಾಳಿಸುವ ಮಾತು ಬಂದರೆ ನಡೆಸುವವರು ಅಲ್ಲಿಗೇ ನಿಲ್ಲಿಸಿ, ಹೇಳಿದವರಿಗೆ ಅದನ್ನೇ ಸಭ್ಯವಾದ ಪ್ರಶ್ನೆಯಾಗಿ ಕೇಳಲು ಒಂದು ಅವಕಾಶ ಕೊಡಬೇಕು. 1991ರ ಡಿಸೆಂಬರ್‌ನಲ್ಲಿ ಮತ್ತು 2016ರ ಸೆಪ್ಟೆಂಬರ್‌ನಲ್ಲಿ ಇದೇ ವಿವಾದ ಬೆಂಗಳೂರಿನಲ್ಲಿ ಬೆಂಕಿ ಹಚ್ಚುವವರೆಗೆ ಹೋದದ್ದನ್ನು ಬಲ್ಲವರು ಈ ಎಚ್ಚರಿಕೆಯನ್ನು ಅತಿಯೆನ್ನಲಾರರು. ಘೋಷಣೆ ಕೂಗುತ್ತ ಗುಂಪೊಂದು ಒಳಬಂದರೆ ವಾದಕ್ಕಿಳಿಯದೆ, ಅವರಲ್ಲಿ ಒಬ್ಬರಿಗೆ ಉಳಿದವರಂತೆಯೇ ಎರಡು ನಿಮಿಷ ಕೊಟ್ಟು, ಕೈಪಿಡಿಯ ಪ್ರತಿ ಕೊಟ್ಟು, ಕೂರಲು ಹೇಳಿ. ಒಪ್ಪದಿದ್ದರೆ ಮುಂದಿನ ಹೊಣೆ ಪ್ರಾಂಶುಪಾಲರದು. ಮೊಬೈಲಿನಲ್ಲಿ ಚಿತ್ರೀಕರಣಕ್ಕೆ ಒಬ್ಬರನ್ನೇ ನೇಮಿಸಿ, ಪೂರ್ಣ ಧ್ವನಿಮುದ್ರಣವನ್ನು ವಿಭಾಗದಲ್ಲಿ ಇಟ್ಟುಕೊಳ್ಳಿ, ಕತ್ತರಿಸಿದ ಮೂವತ್ತು ಸೆಕೆಂಡಿನ ತುಣುಕೊಂದು ಹರಿದಾಡಲು ತೊಡಗಿದಾಗ ಅದು ನೆರವಿಗೆ ಬರುತ್ತದೆ.

ಸಭೆ ಮುಗಿದ ಮೇಲೆ

ಸಭೆಯ ಕೊನೆಯಲ್ಲಿ ನಿರ್ಣಯ ಅಂಗೀಕರಿಸುವ ಆಸೆ ಬರುತ್ತದೆ, ಬೇಡ. ನಿರ್ಣಯ ಬೇಕಾದವರು ಮರುದಿನ ಬೇರೆ ಸಭೆ ಕರೆಯಲಿ. ಬದಲಿಗೆ ಪ್ರಶ್ನೋತ್ತರವನ್ನು ಒಂದು ವಾರದೊಳಗೆ ಬರಹಕ್ಕಿಳಿಸಿ, ಮಾತನಾಡಿದವರಿಗೆ ತೋರಿಸಿ ತಿದ್ದಿಸಿ, ಗ್ರಂಥಾಲಯದಲ್ಲಿಡಿ.

ಉತ್ತರ ಸಿಗದೆ ಉಳಿದ ಪ್ರಶ್ನೆಗಳ ಪಟ್ಟಿಯನ್ನು ಪ್ರತ್ಯೇಕವಾಗಿ ಮಾಡಿ. ನಾಲೆಯ ಕೊನೆಯ ಭಾಗಕ್ಕೆ ಕಳೆದ ಬೇಸಿಗೆಯಲ್ಲಿ ಎಷ್ಟು ದಿನ ನೀರು ಹರಿಯಿತು, ಕಾಲುವೆ ದುರಸ್ತಿಗೆ ಎಷ್ಟು ಖರ್ಚಾಯಿತು ಎಂಬಂಥವುಗಳಿಗೆ ಸಭೆಯಲ್ಲಿ ಯಾರ ಬಳಿಯೂ ಉತ್ತರವಿರುವುದಿಲ್ಲ, ಕಡತದಲ್ಲಿ ಇರುತ್ತದೆ. 2005ರ ಮಾಹಿತಿ ಹಕ್ಕು ಕಾಯ್ದೆಯ ಅಡಿಯಲ್ಲಿ ವಿದ್ಯಾರ್ಥಿಗಳು ತಮ್ಮ ಹೆಸರಿನಲ್ಲಿಯೇ ಕಾವೇರಿ ನೀರಾವರಿ ನಿಗಮದ ಸಾರ್ವಜನಿಕ ಮಾಹಿತಿ ಅಧಿಕಾರಿಗೆ ಅರ್ಜಿ ಹಾಕಬಹುದು. ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯಕ್ಕೆ ಸೀಮಿತವಾಗಿ, ಸಾಮಾನ್ಯವಾಗಿ 150 ಪದಗಳೊಳಗೆ ಇರಬೇಕಾದ್ದರಿಂದ ಪ್ರಶ್ನೆಗೊಂದರಂತೆ ಬೇರೆ ಬೇರೆ ಅರ್ಜಿ ಬರೆಯಿರಿ. ಉತ್ತರಕ್ಕೆ 30 ದಿನಗಳ ಗಡುವಿದೆ. ಬಾರದಿದ್ದರೆ ಮೊದಲ ಮೇಲ್ಮನವಿಗೆ ಮತ್ತೆ 30 ದಿನಗಳ ಅವಕಾಶವಿರುತ್ತದೆ. ಅರ್ಜಿಯ ಪ್ರತಿ, ಅಂಚೆಯ ರಸೀತಿ, ಬಂದ ಉತ್ತರ ಮೂರನ್ನೂ ವಿಭಾಗದ ಸೂಚನಾ ಫಲಕಕ್ಕೆ ಹಚ್ಚಿ, ಮುಂದಿನ ವರ್ಷದ ಕೈಪಿಡಿಯನ್ನು ಬರೆಯುವವರಿಗೆ ಕಡತ ಮಾಡಿ ಒಪ್ಪಿಸಿ.